ಸಕ್ಕರೆ ಸೀಮೆಗೆ ಇನ್ಸುಲಿನ್ ಬಂದ ದಾರಿ

ಮಕ್ಕಳಲ್ಲಿ ಕಾಣಿಸುವ ಮಧುಮೇಹ ಬಹುಪಾಲು ಟೈಪ್ 1 ಬಗೆಯದು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಪರಕೀಯವೆಂದು ತಪ್ಪಾಗಿ ಭಾವಿಸಿ ನಾಶಪಡಿಸುವುದರಿಂದ ಈ ಕಾಯಿಲೆ ಬರುತ್ತದೆ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳ ಒಳಗೆ ಹೋಗುವುದಿಲ್ಲ. ಮಗು ಎಷ್ಟು ತಿಂದರೂ ಸೊರಗುತ್ತದೆ, ಎಷ್ಟು ಕುಡಿದರೂ ದಾಹ ಹಿಂಗುವುದಿಲ್ಲ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಮಗು ಬದುಕುವುದಿಲ್ಲ. ಈ ಔಷಧಿ ಮನುಷ್ಯನ ಕೈಗೆ ಸಿಕ್ಕಿ ನೂರು ವರ್ಷ ದಾಟಿದೆ. ಆದರೆ ಔಷಧಿ ಕಂಡುಹಿಡಿದ ಕಾಲ ಬೇರೆ, ಅದು ಹಳ್ಳಿಯ ಮಗುವಿನ ಮನೆ ಮುಟ್ಟಿದ ಕಾಲ ಬೇರೆ. ಅಳೆಯುವ ಸಾಧನ, ತಂಪಾಗಿಡುವ ವ್ಯವಸ್ಥೆ, ತಿಳಿವಳಿಕೆಯುಳ್ಳ ಜನ ಈ ಮೂರೂ ಜೊತೆಗೂಡಿದ ಮೇಲಷ್ಟೇ ಸೀಸೆಯೊಳಗಿನ ಔಷಧಿ ಆರೈಕೆಯಾಗುತ್ತದೆ.

ಈ ಅಂತರ ಎಷ್ಟೆಂದು ನೋಡಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಂಥ ಊರು ತಕ್ಕ ನಿದರ್ಶನ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ, ಅತ್ತಿ ಮರಗಳಲ್ಲಿ ಗೂಡು ಕಟ್ಟುವುದರಿಂದ ಈ ಊರಿಗೆ ಹೆಸರು ಬಂದಿದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇದನ್ನು ಹೊರಜಗತ್ತಿಗೆ ಪರಿಚಯಿಸಿದರು; 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಮಾತ್ರ ಇದು ಶಿಂಷಾ ನದಿಯ ಬಯಲಿನ ಇತರ ಹಳ್ಳಿಗಳಂತೆಯೇ ಒಂದು ಹಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಸುಮಾರು ಹನ್ನೆರಡು ಕಿಲೋಮೀಟರ್ ಒಳಗಿದೆ. ಹೆಚ್ಚಿನ ಚಿಕಿತ್ಸೆಗೆ ಮದ್ದೂರು, ಮಳವಳ್ಳಿ ಇಲ್ಲವೆ ಮಂಡ್ಯಕ್ಕೆ, ಅಲ್ಲಿಂದಾಚೆಗೆ ಮೈಸೂರು ಅಥವಾ ಬೆಂಗಳೂರಿಗೆ ಹೋಗಬೇಕು.

ಇನ್ಸುಲಿನ್‌ಗೆ ಮುಂಚೆ

ಭಾರತದ ವೈದ್ಯರಿಗೆ ಮಧುಮೇಹ ಹೊಸತಲ್ಲ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ಆಯುರ್ವೇದ ಗ್ರಂಥಗಳು ಗುರುತಿಸಿದ್ದವು. ಸುಶ್ರುತ ಸಂಹಿತೆ ಪ್ರಮೇಹವನ್ನು ಎರಡಾಗಿ ವಿಂಗಡಿಸಿತು: ಹುಟ್ಟಿನಿಂದ ಬರುವ ‘ಸಹಜ’ ಮತ್ತು ಅಪಥ್ಯದಿಂದ ಬರುವ ‘ಅಪಥ್ಯನಿಮಿತ್ತಜ’. ಮೊದಲ ಬಗೆಯ ರೋಗಿ ಕೃಶನಾಗಿ, ಒಣಗಿದ ಮೈಯವನಾಗಿ, ಸದಾ ಬಾಯಾರಿಕೆಯಿಂದ ಬಳಲುತ್ತಾನೆ. ಎರಡನೆಯವನು ಸ್ಥೂಲ, ಹೆಚ್ಚು ಉಣ್ಣುವವನು. ಇಂದಿನ ಟೈಪ್ 1, ಟೈಪ್ 2 ವಿಭಾಗಕ್ಕೂ ಇದಕ್ಕೂ ನೇರ ಸಂಬಂಧ ಹೇಳಲಾಗದು. ಆದರೂ ತೆಳ್ಳಗಿನ ರೋಗಿಯ ಕಾಯಿಲೆ ಬೇರೆ, ದಪ್ಪಗಿನ ರೋಗಿಯ ಕಾಯಿಲೆ ಬೇರೆ ಎಂಬ ಗ್ರಹಿಕೆ ಅಷ್ಟು ಹಿಂದೆಯೇ ಇತ್ತು.

ಕಾಯಿಲೆಯನ್ನು ಗುರುತಿಸುವುದು ಗೊತ್ತಿದ್ದರೂ ಮಗುವನ್ನು ಉಳಿಸುವ ದಾರಿ ಯಾರಿಗೂ ತಿಳಿದಿರಲಿಲ್ಲ. ಮೂತ್ರದ ಸಿಹಿಗೆ ಸಕ್ಕರೆಯೇ ಕಾರಣವೆಂದು 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ತೋರಿಸಿದ. 1889ರಲ್ಲಿ ಜರ್ಮನಿಯ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಕಾಯಿಲೆಯ ಮೂಲ ಎಲ್ಲಿದೆ ಎಂಬುದು ಆಗ ಖಚಿತವಾಯಿತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಫ್ರೆಡರಿಕ್ ಅಲೆನ್ ಮಕ್ಕಳಿಗೆ ತೀರಾ ಕಡಿಮೆ ಆಹಾರ ಕೊಟ್ಟು ಆಯುಷ್ಯವನ್ನು ಕೆಲವು ತಿಂಗಳು ಅಥವಾ ವರ್ಷ ಹಿಗ್ಗಿಸಿದ. ಮಕ್ಕಳು ಎಲುಬಿನ ಹಂದರವಾಗಿ ಬದುಕುತ್ತಿದ್ದರು, ಕೊನೆಗೆ ಸಾಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಇಂಥ ಸಾವು ಮಧುಮೇಹದ ಲೆಕ್ಕಕ್ಕೇ ಸೇರುತ್ತಿರಲಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು, ಕೊನೆಗೆ ಎಚ್ಚರ ತಪ್ಪುವುದು ಇವು ಜ್ವರದ್ದೋ ಭೇದಿಯದ್ದೋ ಲಕ್ಷಣವೆಂದು ತೋರುವಂಥವು.

ಟೊರಾಂಟೊದಿಂದ ಮೈಸೂರು ಸಂಸ್ಥಾನಕ್ಕೆ

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಜೆ. ಜೆ. ಆರ್. ಮೆಕ್ಲಿಯಡ್‌ರ ಪ್ರಯೋಗಾಲಯದಲ್ಲಿ ಮೇದೋಜೀರಕದ ಸಾರವನ್ನು ಪಡೆದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದು ಅಷ್ಟಾಗಿ ಫಲಿಸಲಿಲ್ಲ. ಜನವರಿ 23ರಂದು ಶುದ್ಧೀಕರಿಸಿದ ಸಾರ ಕೊಟ್ಟಾಗ ಅವನ ರಕ್ತದ ಸಕ್ಕರೆ ಇಳಿಯಿತು. ಮೊದಲು ಬದುಕಿದವನೇ ಒಬ್ಬ ಬಾಲಕ ಎಂಬುದು ಈ ಇತಿಹಾಸದಲ್ಲಿ ನೆನಪಿಡಬೇಕಾದ ಸಂಗತಿ. ಸಂಶೋಧಕರು ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ವಹಿಸಿದರು. ಔಷಧಿ ಎಲ್ಲರಿಗೂ ಸಿಗಲಿ ಎಂಬುದು ಅವರ ಆಶಯವಾಗಿತ್ತು.

ಅದೇ ದಶಕದಲ್ಲಿ ಆಮದು ಇನ್ಸುಲಿನ್ ಭಾರತದ ದೊಡ್ಡ ನಗರಗಳಿಗೆ ಬಂದಿತು. ಮೈಸೂರು ಸಂಸ್ಥಾನದಲ್ಲಿ ಆಧುನಿಕ ವೈದ್ಯಕೀಯ ಆಗ ಬೆಳೆಯುತ್ತಿತ್ತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಿಂದ ಇತ್ತು. 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಆರಂಭವಾಯಿತು. 1935ರಲ್ಲಿ ಬೆಂಗಳೂರಿನಲ್ಲಿ ಹೆಂಗಸರು, ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಮದ್ದೂರು, ಮಂಡ್ಯಗಳನ್ನು ಹಾದು ಹೋಗುವ ರೈಲು 1882ರ ಹೊತ್ತಿಗೇ ಬಂದಿತ್ತು. ಹೀಗೆ ಕಾಯಿಲೆಯ ಮಗುವನ್ನು ನಗರಕ್ಕೆ ಒಯ್ಯಲು ದಾರಿಯೇನೋ ಇತ್ತು. ಆದರೆ ಇನ್ಸುಲಿನ್ ಒಂದು ಸಲ ಕೊಟ್ಟು ಮುಗಿಸುವ ಮದ್ದಲ್ಲ. ಮಗು ಊರಿಗೆ ಮರಳಿದ ಮೇಲೂ ದಿನವೂ ಬೇಕು, ಬದುಕಿರುವಷ್ಟು ಕಾಲವೂ ಬೇಕು. ಆಸ್ಪತ್ರೆ ಮತ್ತು ಹಳ್ಳಿಯ ನಡುವೆ ಕಡಿಯದ ಸರಬರಾಜು ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಉಳಿದ ಜೀವ ಊರಿನಲ್ಲಿ ಉಳಿಯುವಂತಿರಲಿಲ್ಲ.

ಸಕ್ಕರೆಯ ನಾಡು, ಸಕ್ಕರೆಯ ಮೇಲಿನ ಆರೋಪ

ಇನ್ಸುಲಿನ್ ಲೋಕಕ್ಕೆ ಬಂದ ಕಾಲದಲ್ಲೇ ಮಂಡ್ಯದ ಭೂಮಿಯ ಸ್ವರೂಪ ಬದಲಾಗುತ್ತಿತ್ತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿಯ ಹೊಲಗಳನ್ನು ಭತ್ತ ಮತ್ತು ಕಬ್ಬಿನ ಗದ್ದೆಗಳಾಗಿಸಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಆಲೆಮನೆ, ಅಚ್ಚು ಬೆಲ್ಲ, ಕಬ್ಬಿನ ಗಾಡಿ ಇಲ್ಲಿನ ನಿತ್ಯಜೀವನದ ಭಾಗವಾದವು.

ಇಂಥ ಸೀಮೆಯಲ್ಲಿ ಮಗುವಿಗೆ ‘ಸಕ್ಕರೆ ಕಾಯಿಲೆ’ ಬಂದರೆ ಬೆಲ್ಲ ತಿಂದದ್ದೇ ಕಾರಣವೆಂದು ಜನ ಅಂದುಕೊಳ್ಳುವುದು ಸುಲಭ. ತಾಯಿ ಮುದ್ದು ಮಾಡಿ ಸಿಹಿ ತಿನ್ನಿಸಿದಳೆಂಬ ದೂರು ಮನೆಯವರ ಬಾಯಲ್ಲೇ ಬರುತ್ತದೆ. ವಿಜ್ಞಾನ ಈ ದೂರನ್ನು ಹಂತಹಂತವಾಗಿ ತಳ್ಳಿಹಾಕಿದೆ. ಇನ್ಸುಲಿನ್‌ಗೆ ಬೇಗ ಸ್ಪಂದಿಸುವ ಮಧುಮೇಹ ಒಂದು, ಅಷ್ಟಾಗಿ ಸ್ಪಂದಿಸದ ಮಧುಮೇಹ ಇನ್ನೊಂದು ಎಂದು 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಬೇರ್ಪಡಿಸಿದರು. 1965ರಲ್ಲಿ ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್, ಕಾಯಿಲೆ ಬಂದ ಹೊಸತರಲ್ಲೇ ತೀರಿಕೊಂಡವರ ಮೇದೋಜೀರಕದಲ್ಲಿ ಬೀಟಾ ಕೋಶಗಳು ನಾಶವಾಗಿ, ಸುತ್ತ ಬಿಳಿ ರಕ್ತಕಣಗಳು ನೆರೆದಿರುವುದನ್ನು ಕಂಡರು. 1974ರಲ್ಲಿ ಬೊಟ್ಟಾಝೊ ಮತ್ತು ಸಂಗಡಿಗರು ಈ ಕೋಶಗಳ ವಿರುದ್ಧದ ಪ್ರತಿಕಾಯಗಳನ್ನು ಗುರುತಿಸಿದರು. ಟೈಪ್ 1 ಮಧುಮೇಹಕ್ಕೆ ಸಿಹಿ ತಿಂಡಿ ಕಾರಣವಲ್ಲ, ತಾಯಿಯ ಆರೈಕೆಯಲ್ಲಿ ಕುಂದೂ ಇಲ್ಲ. ಹೊಸದಾಗಿ ಕಾಯಿಲೆ ಪತ್ತೆಯಾದ ಮನೆಯಲ್ಲಿ ಮೊದಲು ಹೇಳಬೇಕಾದ ಮಾತು ಇದು. ತಪ್ಪು ತಮ್ಮದೆಂದು ಕೊರಗುವವರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಚುಚ್ಚುಮದ್ದು ತಪ್ಪುತ್ತದೆ.

ಬಣ್ಣ ನೋಡಿ ಅಳೆದ ಕಾಲ

ಇನ್ಸುಲಿನ್ ಎಷ್ಟು ಕೊಡಬೇಕೆಂದು ತಿಳಿಯಲು ಸಕ್ಕರೆ ಎಷ್ಟಿದೆ ಎಂದು ತಿಳಿಯಬೇಕು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದಕ್ಕಿದ್ದ ದಾರಿ ಮೂತ್ರ ಪರೀಕ್ಷೆಯೊಂದೇ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 20ನೇ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ನೀಲಿ ದ್ರಾವಣ ಆಸ್ಪತ್ರೆಯಿಂದ ಮನೆಗಳವರೆಗೆ ಹರಡಿತು. ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಹೀಗೆ ಬಣ್ಣ ಏರಿದಷ್ಟೂ ಸಕ್ಕರೆ ಹೆಚ್ಚು.

ಅಗ್ಗವೂ ಸುಲಭವೂ ಆದ ಈ ಪರೀಕ್ಷೆಗೆ ದೊಡ್ಡ ಕೊರತೆಯಿತ್ತು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಹೀಗಾಗಿ ಬಣ್ಣ ಹೇಳುತ್ತಿದ್ದುದು ಹಿಂದಿನ ಕೆಲವು ಗಂಟೆಗಳ ಕಥೆ. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿದ್ದರೂ ದ್ರಾವಣ ನೀಲಿಯೇ. ಅದಕ್ಕಾಗಿ ವೈದ್ಯರು ಮಕ್ಕಳ ಸಕ್ಕರೆ ತುಸು ಹೆಚ್ಚೇ ಇರಲೆಂದು ಬಿಡುತ್ತಿದ್ದರು. ಅದರ ಬೆಲೆಯನ್ನು ಮಗು ಮುಂದೆ ಕಣ್ಣು, ಮೂತ್ರಪಿಂಡಗಳಲ್ಲಿ ತೆರಬೇಕಾಗುತ್ತಿತ್ತು. 1970ರ ಸುಮಾರಿಗೆ ರಕ್ತದ ಹನಿಯಿಂದ ಸಕ್ಕರೆ ಅಳೆಯುವ ಯಂತ್ರ ಆಸ್ಪತ್ರೆಗಳಿಗೆ ಬಂತು, ಆ ದಶಕದ ಕೊನೆಗೆ ಪಶ್ಚಿಮ ದೇಶಗಳ ಮನೆಗಳಿಗೆ ಹೋಯಿತು. ಅಂಗೈಯಗಲದ ಗ್ಲೂಕೋಮೀಟರ್ ಕರ್ನಾಟಕದ ಸಣ್ಣ ಊರುಗಳ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾದದ್ದು ಹೊಸ ಶತಮಾನದಲ್ಲಿ. ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ಈ ದಶಕಗಳಲ್ಲೇ ಬಳಕೆಗೆ ಬಂತು.

ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಪ್ರಯೋಜನವಿದೆಯೇ ಎಂಬ ಹಳೆಯ ವಾದಕ್ಕೆ 1993ರಲ್ಲಿ ಉತ್ತರ ಸಿಕ್ಕಿತು. ಅಮೆರಿಕ ಮತ್ತು ಕೆನಡಾದ 1,441 ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನ, ಸಕ್ಕರೆ ಹತೋಟಿಯಲ್ಲಿದ್ದರೆ ಕಣ್ಣು, ಮೂತ್ರಪಿಂಡ ಮತ್ತು ನರಗಳ ಹಾನಿ ಬಹಳ ಕಡಿಮೆಯಾಗುತ್ತದೆಂದು ಸಾಬೀತುಪಡಿಸಿತು. ಅಂದಿನಿಂದ ಮಕ್ಕಳ ಆರೈಕೆಯ ಗುರಿಯೇ ಬದಲಾಯಿತು. ಬದುಕಿಸುವುದರ ಜೊತೆಗೆ, ದೊಡ್ಡವರಾದ ಮೇಲೂ ಕಣ್ಣು, ಮೂತ್ರಪಿಂಡ ಕೆಡದಂತೆ ಬಾಳಿಸುವುದು ಗುರಿಯಾಯಿತು.

ಸೂಜಿ, ಸೀಸೆ ಮತ್ತು ತಂಪು

ಮೊದಲ ದಶಕಗಳ ಇನ್ಸುಲಿನ್ ದನ ಮತ್ತು ಹಂದಿಯ ಮೇದೋಜೀರಕದಿಂದ ಬರುತ್ತಿತ್ತು. ಗಾಜಿನ ಸಿರಿಂಜನ್ನು ದಿನವೂ ಕುದಿಸಬೇಕಿತ್ತು. ಮೊಂಡಾದ ಸೂಜಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಳ್ಳಬೇಕಿತ್ತು. ಹೆಚ್ಚು ಹೊತ್ತು ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ 1946ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಅವರ ಪ್ರಯೋಗಾಲಯದಿಂದ ಬಂದ ಮೇಲೆ ಚುಚ್ಚುವ ಸಲ ಕಡಿಮೆಯಾಯಿತು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ ಅಮೆರಿಕದ ಮಾರುಕಟ್ಟೆಗೆ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿ ಮಾನವ ಇನ್ಸುಲಿನ್ ತಯಾರಿಸಿ ಮಾರಲಾರಂಭಿಸಿತು. ಹಡಗಿನಲ್ಲಿ ಬರುತ್ತಿದ್ದ ಔಷಧಿ ಕೊಕ್ಕರೆ ಬೆಳ್ಳೂರಿನಿಂದ ಎರಡು-ಮೂರು ಗಂಟೆಯ ಪ್ರಯಾಣದಷ್ಟು ಹತ್ತಿರದಲ್ಲಿ ತಯಾರಾಗುವಂತಾಯಿತು.

ಭಾರತದಲ್ಲಿ ಉಳಿದುಬಂದ ಒಂದು ತೊಡಕು ಸೀಸೆಯ ಸಾಂದ್ರತೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಸೀಸೆಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್‌ಗಳಲ್ಲಿ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಮಗುವಿಗೆ ಎರಡೂವರೆ ಪಟ್ಟು ಹೋಗುತ್ತದೆ, ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಅದಲುಬದಲಾದರೆ ಮದ್ದು ಸಾಲದೆ ಸಕ್ಕರೆ ಏರುತ್ತದೆ. ಸೀಸೆ, ಸಿರಿಂಜು ಎರಡರ ಮೇಲಿನ ಅಂಕಿಯೂ ಒಂದೇ ಇದೆಯೇ ಎಂದು ಪ್ರತಿಸಲ ನೋಡುವುದು ಅದಕ್ಕಾಗಿಯೇ ಮೊದಲ ಪಾಠ.

ತಂಪಿನ ಕಥೆ ಈ ಸೀಮೆಯಲ್ಲಿ ಇನ್ನೂ ಮನ ಮುಟ್ಟುವಂಥದ್ದು. ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಶಿಂಷಾ ವಿದ್ಯುದಾಗಾರ 1940ರಲ್ಲಿ ಬಂತು. ಸುತ್ತಣ ಹಳ್ಳಿಮನೆಗಳಿಗೆ ದೀಪ ಬರಲು ಇನ್ನೂ ದಶಕಗಳು ಹಿಡಿದವು, ಫ್ರಿಜ್ ಬರಲು ಅದಕ್ಕಿಂತ ಹೆಚ್ಚು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಳಸುತ್ತಿರುವ ಸೀಸೆ ಬಿಸಿಲು ತಾಗದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರಬಲ್ಲದು. ಫ್ರಿಜ್ ಇಲ್ಲದ ಮನೆಗೆ ವೈದ್ಯರು ಹೇಳಿಕೊಟ್ಟ ಉಪಾಯ ಮಣ್ಣಿನ ಮಡಕೆಯದು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಅದರಲ್ಲಿ ನೀರು ತಾಗದಂತೆ ಡಬ್ಬಿಯಲ್ಲಿಟ್ಟ ಸೀಸೆ. ನೀರು ಆರುತ್ತಾ ಹೋದಂತೆ ಒಳಗೆ ತಂಪು ನಿಲ್ಲುತ್ತದೆ. ಹೆಪ್ಪುಗಟ್ಟಿದ ಅಥವಾ ಬಿಸಿಲಿಗೆ ಬೆಂದ ಇನ್ಸುಲಿನ್ ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಬೇಸಿಗೆಯಲ್ಲಿ ಮಗುವಿನ ಸಕ್ಕರೆ ಕಾರಣವಿಲ್ಲದೆ ಏರಿದರೆ ಮೊದಲು ಸೀಸೆಯನ್ನೇ ಅನುಮಾನಿಸಬೇಕು.

ತುರ್ತು ಸ್ಥಿತಿಯ ಚಿಕಿತ್ಸೆ ಬದಲಾದ ಬಗೆ

ಇನ್ಸುಲಿನ್ ಇಲ್ಲದ ದೇಹ ಕೊಬ್ಬನ್ನು ಉರಿಸತೊಡಗಿದಾಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಇದೇ ಕೀಟೋಆಸಿಡೋಸಿಸ್. ಇದರಲ್ಲಿ ಬರುವ ಆಳವಾದ, ವೇಗದ ಉಸಿರಾಟವನ್ನು 1874ರಲ್ಲಿ ಜರ್ಮನಿಯ ಕುಸ್‌ಮೌಲ್ ವರ್ಣಿಸಿದ. ಅನೇಕ ಮಕ್ಕಳ ಕಾಯಿಲೆ ಮೊದಲು ಪತ್ತೆಯಾಗುವುದೇ ಈ ಹಂತದಲ್ಲಿ. ಏದುಸಿರನ್ನು ಉಬ್ಬಸವೆಂದೂ ಹೊಟ್ಟೆನೋವನ್ನು ಅಪೆಂಡಿಕ್ಸ್ ಎಂದೂ ತಿಳಿದು ಹೊತ್ತು ಕಳೆದರೆ, ಸುಸ್ತಿಗೆಂದು ಗ್ಲೂಕೋಸ್ ಬಾಟಲಿ ಏರಿಸಿದರೆ ಮಗು ಇನ್ನಷ್ಟು ಕುಸಿಯುತ್ತದೆ. ಬೆರಳ ತುದಿಯ ಒಂದು ಹನಿ ರಕ್ತ ಈ ತಪ್ಪನ್ನು ತಪ್ಪಿಸಬಲ್ಲದು.

1970ರ ದಶಕದವರೆಗೂ ಇಂಥ ರೋಗಿಗಳಿಗೆ ಭಾರಿ ಪ್ರಮಾಣದ ಇನ್ಸುಲಿನ್ ಕೊಡುವುದು ವಾಡಿಕೆಯಾಗಿತ್ತು. ಸಣ್ಣ ಪ್ರಮಾಣವೇ ಸಾಕು, ಅದೇ ಹೆಚ್ಚು ಸುರಕ್ಷಿತ ಎಂದು ಆ ದಶಕದ ಅಧ್ಯಯನಗಳು ತೋರಿಸಿದವು. ಈಗ ಮೊದಲು ರಕ್ತನಾಳದ ಮೂಲಕ ಉಪ್ಪು ನೀರು, ಸುಮಾರು ಒಂದು ಗಂಟೆಯ ನಂತರ ಮಗುವಿನ ತೂಕದ ಪ್ರತಿ ಕಿಲೋಗೆ ಗಂಟೆಗೆ 0.05ರಿಂದ 0.1 ಯೂನಿಟ್ ಇನ್ಸುಲಿನ್, ಜೊತೆಗೆ ಪೊಟ್ಯಾಸಿಯಂ ಕೊಡಲಾಗುತ್ತದೆ. ಸಕ್ಕರೆಯನ್ನು ಒಮ್ಮೆಗೇ ಇಳಿಸುವುದಿಲ್ಲ; ಆತುರಪಟ್ಟರೆ ಮಿದುಳು ಊದಿಕೊಳ್ಳುವ ಅಪಾಯವಿದೆ. ಇದು ಆಸ್ಪತ್ರೆಯಲ್ಲೇ ನಡೆಯಬೇಕಾದ ಚಿಕಿತ್ಸೆ. 2008ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಶುರುವಾದ 108 ಆಂಬುಲೆನ್ಸ್ ಮತ್ತು 2006ರಲ್ಲಿ ಆರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಈ ಹಂತದಲ್ಲಿ ಜಿಲ್ಲೆಯ ಮಕ್ಕಳ ದಾರಿಯನ್ನು ಹತ್ತಿರವಾಗಿಸಿವೆ.

ಮನೆಗೆ ಮರಳಿದ ಮೇಲೆ

ಇಂದಿನ ಕ್ರಮದಲ್ಲಿ ಮಗುವಿಗೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಂದು, ಪ್ರತಿ ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್ ಇನ್ನೊಂದು. ಪ್ರಮಾಣವನ್ನು ತೂಕ, ವಯಸ್ಸು, ಊಟ ನೋಡಿ ವೈದ್ಯರು ನಿಗದಿ ಮಾಡುತ್ತಾರೆ. ಮೊದಲ ಕೆಲವು ವಾರಗಳ ನಂತರ ಉಳಿದಿರುವ ಬೀಟಾ ಕೋಶಗಳು ಚೇತರಿಸಿಕೊಂಡು ಮದ್ದಿನ ಅಗತ್ಯ ಕಡಿಮೆಯಾಗಬಹುದು. ಇದನ್ನು ಹನಿಮೂನ್ ಹಂತ ಎನ್ನುತ್ತಾರೆ. ಕಾಯಿಲೆ ವಾಸಿಯಾಯಿತೆಂದು ನಂಬಿ ಇಂಜೆಕ್ಷನ್ ಬಿಟ್ಟು ನಾಟಿ ಔಷಧಿಗೆ ಹೊರಳುವ ಅಪಾಯ ಹೆಚ್ಚಿರುವುದು ಇದೇ ಹಂತದಲ್ಲಿ. ಇಂಜೆಕ್ಷನ್ ನಿಂತ ಕೆಲವೇ ದಿನಗಳಲ್ಲಿ ಮಗು ಮತ್ತೆ ಕೀಟೋಆಸಿಡೋಸಿಸ್‌ಗೆ ಜಾರಬಹುದು.

ಊಟದ ವಿಷಯದಲ್ಲೂ ಹಳೆಯ ನಂಬಿಕೆಗಳು ಬದಲಾಗಿವೆ. ಇನ್ಸುಲಿನ್‌ಗೆ ಮುಂಚಿನ ಉಪವಾಸದ ಕಾಲ ಮುಗಿದಿದೆ. ಬೆಳೆಯುವ ಮಗುವಿಗೆ ಹೊಟ್ಟೆ ತುಂಬ ಊಟ ಬೇಕು. ಮಂಡ್ಯದ ಮನೆಗಳಲ್ಲಿ ‘ಷುಗರ್‌ಗೆ ಮುದ್ದೆ ಒಳ್ಳೆಯದು’ ಎಂಬ ಮಾತಿದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚೆಂಬುದು ನಿಜ. ಆದರೆ ರಾಗಿ ಹಿಟ್ಟಿನ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಶರ್ಕರಪಿಷ್ಟವೇ. ಮುದ್ದೆಯ ಗಾತ್ರ ದಿನಕ್ಕೊಂದು ಬಗೆಯಾದರೆ ಸಕ್ಕರೆಯೂ ಹಾಗೆಯೇ ಏರಿಳಿಯುತ್ತದೆ. ಮುದ್ದೆಯನ್ನು ಒಂದೇ ಅಳತೆಯಲ್ಲಿಟ್ಟು ಜೊತೆಗೆ ಸೊಪ್ಪಿನ ಸಾರು, ಅವರೆ, ಹುರುಳಿ, ಮೊಟ್ಟೆ ಇದ್ದರೆ ಮನೆಯ ಊಟವೇ ಮಗುವಿಗೆ ಒಗ್ಗುತ್ತದೆ.

ಸಕ್ಕರೆ ಏರಿದಾಗ ಮಾಡಬೇಕಾದದ್ದಕ್ಕೂ ಕ್ರಮವಿದೆ. ಮೊದಲು ಕೈ ತೊಳೆದು ಮತ್ತೆ ಪರೀಕ್ಷಿಸಬೇಕು. ಬೆಲ್ಲವೋ ಹಣ್ಣೋ ಮುಟ್ಟಿದ ಬೆರಳು ಸುಳ್ಳು ಲೆಕ್ಕ ತೋರಿಸುತ್ತದೆ. ಇಂಜೆಕ್ಷನ್ ತಪ್ಪಿತೇ, ಸೀಸೆ ಕೆಟ್ಟಿದೆಯೇ, ಚುಚ್ಚಿದ ಜಾಗದಲ್ಲಿ ಗಂಟು ಕಟ್ಟಿದೆಯೇ, ಜ್ವರವಿದೆಯೇ ಎಂದು ನೋಡಬೇಕು. ಧಾರಾಳವಾಗಿ ನೀರು ಕುಡಿಸಿ, ವೈದ್ಯರು ಹೇಳಿಕೊಟ್ಟಷ್ಟೇ ಹೆಚ್ಚುವರಿ ಇನ್ಸುಲಿನ್ ಕೊಡಬೇಕು. ಸಕ್ಕರೆ 250 ಮಿಲಿಗ್ರಾಂ ಮೀರಿ ನಿಂತರೆ, ಅಥವಾ ಮಗುವಿಗೆ ಹುಷಾರಿಲ್ಲದಿದ್ದರೆ ಕೀಟೋನ್ ಪರೀಕ್ಷೆ ಆಗಬೇಕು. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಕೂಡದು. ವಾಂತಿ, ಏದುಸಿರು, ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ವಿರುದ್ಧವಾಗಿ ಸಕ್ಕರೆ 70ಕ್ಕಿಂತ ಇಳಿದರೆ ಕೂಡಲೇ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕೊಡಬೇಕು. ಆಗ ಸಕ್ಕರೆಯೇ ಮದ್ದು.

ಮನೆಯಿಂದಾಚೆಗಿನ ಹೊಣೆ

ಮಕ್ಕಳ ಮಧುಮೇಹ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಗತೊಡಗಿದ್ದೂ ಇತ್ತೀಚೆಗೆ. 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯನ್ನು ಆಧರಿಸಿದ ಅಧ್ಯಯನ, ವರ್ಷಕ್ಕೆ ಲಕ್ಷಕ್ಕೆ ಸುಮಾರು ನಾಲ್ಕು ಮಕ್ಕಳಲ್ಲಿ ಟೈಪ್ 1 ಹೊಸದಾಗಿ ಕಾಣಿಸುತ್ತದೆಂದು ತೋರಿಸಿತು. 2006ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಳೆಯರ ಮಧುಮೇಹದ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು, 2022ರಲ್ಲಿ ಟೈಪ್ 1 ಚಿಕಿತ್ಸೆಯ ಮಾರ್ಗಸೂಚಿ ಹೊರತಂದಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಬೆಳಗಾವಿಯ ಕೆ.ಎಲ್.ಇ. ಮಧುಮೇಹ ಕೇಂದ್ರದಂಥವು ಮಕ್ಕಳ ಆರೈಕೆಯಲ್ಲಿ ಅನುಭವ ಗಳಿಸಿವೆ. ನೆರೆಯ ಕೇರಳ 2018ರಲ್ಲಿ ‘ಮಿಠಾಯಿ’ ಎಂಬ ಸರ್ಕಾರಿ ಯೋಜನೆಯನ್ನು ಟೈಪ್ 1 ಮಕ್ಕಳಿಗಾಗಿಯೇ ರೂಪಿಸಿತು. ಕಾಸರಗೋಡಿನ ಕನ್ನಡ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದಾರೆ.

ಶಾಲೆ ಈ ಸರಪಳಿಯಲ್ಲಿ ಕೊನೆಗೆ ಸೇರಿದ ಕೊಂಡಿ. 2017ರಲ್ಲಿ ಸಿಬಿಎಸ್‌ಇ ಮಂಡಳಿ ಟೈಪ್ 1 ಮಕ್ಕಳಿಗೆ ಪರೀಕ್ಷಾ ಕೊಠಡಿಯೊಳಗೆ ತಿಂಡಿ, ನೀರು ಒಯ್ಯಲು ಅನುಮತಿ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ತರಗತಿಯಲ್ಲೇ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಹಸಿವಾದಾಗ ತಿನ್ನಲು ಬಿಡಬೇಕೆಂದು ರಾಜ್ಯಗಳಿಗೆ ಬರೆಯಿತು. ಹಳ್ಳಿ ಶಾಲೆಯ ಮೇಷ್ಟ್ರಿಗೆ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಏರಿದ ಸಕ್ಕರೆ ಹಾಗೂ ಇಳಿದ ಸಕ್ಕರೆಯ ಗುರುತುಗಳು ತಿಳಿದಿದ್ದರೆ ಸಾಕು, ಅನೇಕ ಜೀವಗಳು ಆಸ್ಪತ್ರೆ ಮುಟ್ಟುವ ಮೊದಲೇ ಉಳಿಯುತ್ತವೆ.

ಟೊರಾಂಟೊದ ಬಾಲಕನಿಗೆ ಸಿಕ್ಕ ಮದ್ದು ಇಂದು ಮದ್ದೂರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಅಳೆಯುವ ಯಂತ್ರವೂ ಸಿಗುತ್ತದೆ. ಪರೀಕ್ಷಾ ಪಟ್ಟಿಗಳ ದಿನನಿತ್ಯದ ಖರ್ಚು, ತಪ್ಪದ ಸರಬರಾಜು ಮತ್ತು ಕಾಯಿಲೆಯನ್ನು ಬೇಗ ಗುರುತಿಸುವ ತಿಳಿವಳಿಕೆ ಇವು ಇನ್ನೂ ಪೂರ್ತಿ ಮುಟ್ಟಿಲ್ಲ. ಅವು ಮುಟ್ಟಿದ ಕಡೆ ಟೈಪ್ 1 ಇರುವ ಮಗು ಓದುತ್ತದೆ, ಆಡುತ್ತದೆ, ದುಡಿದು ಸಂಸಾರ ನಡೆಸುವ ವಯಸ್ಸಿಗೆ ಬರುತ್ತದೆ.